ನಾಯಿಯ ತಳಿ, ಅಕ್ಕನ ಮನೆದೇವರು

ಕಳೆದ ವಾರ ಸಭೆಯೊಂದಕ್ಕೆಂದು ಮಸ್ಕಿಗೆ ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಪಕ್ಕದಲ್ಲಿ ಒಬ್ಬ ಹೆಂಗಸು ಕಜ್ಜಿ ಹಿಡಿದ ನಾಯಿಗೆ ಬೇವಿನೆಣ್ಣೆ ಹಚ್ಚುತ್ತಾ ಕುಳಿತಿದ್ದಳು. ಎಣ್ಣೆಯಲ್ಲಿ ಅರಿಶಿನ ಕಲಸಿದ್ದಳು. ಆ ಕಹಿ ವಾಸನೆ ಗಾಳಿಯಲ್ಲಿ ತೇಲಿ ಬಂದದ್ದೇ ತಡ, ಲೋಟದ ಚಹಾ ಕೈಯಲ್ಲೇ ಆರಿಹೋಯಿತು. ಸಿಂಧನೂರಿನ ಒಂದು ಅಂಗಳ, ಅಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಇದೇ ಎಣ್ಣೆಯನ್ನು ಇಂಥದೇ ಒಂದು ನಾಯಿಯ ಬೆನ್ನಿಗೆ ತಿಕ್ಕುತ್ತಿದ್ದ ಒಬ್ಬಳು... ಹತ್ತು ವರ್ಷಗಳ ಮೇಲಾಯಿತು. ಆ ಅಂಗಳದಲ್ಲಿ ನಡೆದ ಅನ್ಯಾಯ ಮಾತ್ರ ನನ್ನೊಳಗೆ ಒಂದು ದಿನವೂ ಹಳೆಯದಾಗಿಲ್ಲ.

ಆಗ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಗಂಜ್ ಮಾರುಕಟ್ಟೆಯಲ್ಲಿ ಭತ್ತದ ದಲಾಲಿ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರ ಮನೆಯ ಮಹಡಿಯ ಕೋಣೆ ನನ್ನದು. ಕೆಳಗೆ, ಅವರ ಮನೆಗೆ ಅಂಟಿಕೊಂಡಂತಿದ್ದ ಎರಡು ಕೋಣೆಗಳ ಭಾಗಕ್ಕೆ ಬಾಡಿಗೆಗೆ ಬಂದವಳು ಅವಳು. ಕಲಬುರಗಿ ಕಡೆಯಿಂದ ವರ್ಗವಾಗಿ ಬಂದಿದ್ದ ನರ್ಸ್, ಒಂಟಿ ಹೆಂಗಸು. ಓಣಿಯವರೆಲ್ಲ ‘ಸಿಸ್ಟರ್’ ಎನ್ನುತ್ತಿದ್ದರು. ನಾನು ‘ಅಕ್ಕ’ ಎನ್ನುತ್ತಿದ್ದೆ.

ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದವರ ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಕೂರಿಸಿ, ನೀರು ಕೊಟ್ಟು, ನಗುನಗುತ್ತಾ “ನಿಮ್ಮ ಮನಿದೇವ್ರು ಯಾವ್ದ್ರಿ?” ಎನ್ನುತ್ತಾರೆ. ದೇವರ ಹೆಸರು, ಗುಡಿಯಿರುವ ಊರು, ಅಲ್ಲಿಗೆ ಹೋಗುವ ವಾರ ಇಷ್ಟು ತಿಳಿದರೆ ಉಳಿದದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಲೆಕ್ಕ ಸರಿಬಂದರೆ ಬೀಗದ ಕೈ; ಸರಿಬರದಿದ್ದರೆ “ನಿನ್ನೆನ ಒಬ್ರಿಗೆ ಮಾತು ಕೊಟ್ಟೀವ್ರಿ” ಎಂಬ ಉತ್ತರ. ನನ್ನನ್ನೂ ಕೇಳಿದ್ದರು. ನಾನು ಹೇಳಿದ ಹೆಸರು ಅವರಿಗೆ ಒಪ್ಪಿಗೆಯಾಗಿತ್ತು. ಇದು ಭಕ್ತಿಯ ವಿಚಾರಣೆಯಲ್ಲ. ಇದು ನಯವಾದ ಮಾತಿನ ಅಸ್ಪೃಶ್ಯತೆ. ಬೇರೆ ಯಾವ ಹೆಸರಿನಿಂದಲೂ ಇದನ್ನು ಕರೆಯಲು ನಾನು ಒಪ್ಪುವುದಿಲ್ಲ.

ಅಕ್ಕನನ್ನು ಕೇಳಿದಾಗ ನಾನು ಅಲ್ಲೇ ಇದ್ದೆ. ಅವಳು ತಡವರಿಸಲಿಲ್ಲ.

“ನಮ್ಮ ಮನ್ಯಾಗ ದೇವ್ರು ಇಲ್ರಿ,” ಎಂದಳು.

ಸಾಹುಕಾರರ ಮುಖ ಅರಳಿತು. ಅವರದು ಶರಣ ಪರಂಪರೆಯ ಮನೆತನ. ಕಲ್ಲುದೇವರನ್ನು ಪೂಜಿಸಬಾರದೆಂಬ ಮಾತನ್ನು ಮಠದ ಪ್ರವಚನಗಳಲ್ಲಿ ಕೇಳಿ ತಲೆದೂಗಿ, ಮನೆಗೆ ಬಂದು ಎಲ್ಲ ದೇವರಿಗೂ ಕಾಯಿ ಒಡೆಸುತ್ತಿದ್ದವರು. ಮನೆಯಲ್ಲಿ ದೇವರೇ ಇಲ್ಲವೆನ್ನುವ ಈ ಹೆಂಗಸು ತಮಗಿಂತ ಗಟ್ಟಿಯಾದ ಶರಣ ವಂಶದವಳೇ ಇರಬೇಕೆಂದು ಅವರು ತೀರ್ಮಾನಿಸಿಬಿಟ್ಟರು. “ಖರೇ ಶರಣರ ಮಾತು ನೋಡು ಇದು,” ಎಂದು ಹೆಂಡತಿಗೆ ಹೇಳಿದರು. ಅಕ್ಕ ಬಂದ ಮೇಲೆ ಕಂಡದ್ದೆಲ್ಲ ಆ ತಪ್ಪು ತಿಳಿವಳಿಕೆಯನ್ನೇ ಬೆಳೆಸಿತು. ಅವಳು ಮಾಂಸ ಬೇಯಿಸುತ್ತಿರಲಿಲ್ಲ. ಗೋಡೆಯ ಮೇಲೆ ದೇವರ ಫೋಟೊ ಇರಲಿಲ್ಲ. ಪ್ರತಿ ಹುಣ್ಣಿಮೆಗೆ ಬಿಳಿಯ ಸೀರೆ ಉಟ್ಟು ಬೆಳಗಿನ ಬಸ್ಸಿಗೆ ಲಿಂಗಸುಗೂರಿಗೆ ಹೋಗಿ ಸಂಜೆ ಮರಳುತ್ತಿದ್ದಳು. ಯಾವುದೋ ಮಠದ ಶಿವಾನುಭವ ಗೋಷ್ಠಿಗೆ ಹೋಗುತ್ತಾಳೆಂದು ಸಾಹುಕಾರರ ಹೆಂಡತಿ ಓಣಿಗೆಲ್ಲ ಹೇಳಿದ್ದರು. ಅಕ್ಕ ಯಾರಿಗೂ ಸುಳ್ಳು ಹೇಳಲಿಲ್ಲ. ಅವಳಿಗೆ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ, ಅಷ್ಟೇ. ಸಕ್ಕರೆ ಕಾಯಿಲೆಯ ತಮ್ಮ ತಾಯಿಗೆ ದಿನವೂ ಇಂಜೆಕ್ಷನ್ ಕೊಡುವ ಕೆಲಸವನ್ನು ಸಾಹುಕಾರರು ಅವಳಿಗೇ ಒಪ್ಪಿಸಿದರು. ಮುದುಕಿ “ಸಿಸ್ಟರ್ ಕೈ ಭಾಳ ಹಗೂರ ಐತವ್ವ” ಎಂದು ಹೊಗಳುತ್ತಿದ್ದಳು. ಇಂಜೆಕ್ಷನ್ ಆದ ಮೇಲೆ ಮುದುಕಿಯ ಮಂಚದ ಮೇಲೆಯೇ ಕುಳಿತು ಅಕ್ಕ ಆ ಮನೆಯ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದಳು.

ನಾಯಿ ಬಂದದ್ದು ಆ ಚಳಿಗಾಲದಲ್ಲಿ. ಹಳ್ಳಿಯ ಆರೋಗ್ಯ ಶಿಬಿರ ಮುಗಿಸಿ ಬರುವಾಗ ಮಸ್ಕಿಯ ಹತ್ತಿರ ರಸ್ತೆಬದಿಯಲ್ಲಿ ಯಾರದೋ ಬೈಕಿಗೆ ಸಿಕ್ಕು ಬಿದ್ದಿದ್ದ ಅದನ್ನು ಅಕ್ಕ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಳು. ಮುಂಗಾಲಿಗೆ ತಾನೇ ಪಟ್ಟಿ ಕಟ್ಟಿದಳು. ಮೈತುಂಬ ಕಜ್ಜಿ. ದಿನವೂ ಬೇವಿನೆಣ್ಣೆ ಅರಿಶಿನ ತಿಕ್ಕಿದಳು. ವಾಸನೆ ಮಹಡಿಯವರೆಗೂ ಏರುತ್ತಿತ್ತು. ತಿಂಗಳು ಕಳೆಯುವುದರೊಳಗೆ ಕಂದು ಕೂದಲು ಮೊಳೆಯಿತು; ಉದ್ದ ಕಾಲು, ಚೂಪು ಮೂತಿ, ಒಳಸೇದಿದ ಹೊಟ್ಟೆಯ ಒಂದು ಆಕೃತಿ ಎದ್ದು ನಿಂತಿತು. ಆಗ ಶುರುವಾಯಿತು ಓಣಿಯ ಗಂಡಸರ ಪಂಚಾಯಿತಿ.

“ಮೂತಿ ನೋಡ್ರಿ, ಹೊಟ್ಟಿ ನೋಡ್ರಿ. ಇದು ಅಸಲಿ ಮುಧೋಳ ನಾಯಿ,” ಎಂದರು ಸಾಹುಕಾರರು.

“ಕೂಳಿಲ್ದ ಹೊಟ್ಟಿ ಒಳಗ ಹೋಗೇತ್ರಿ ಸಾವ್ಕಾರ್ರ,” ಎಂದಳು ಅಕ್ಕ.

ಎದುರು ಮನೆಯ ನಿವೃತ್ತ ಕಂಡಕ್ಟರರು ಕಟ್ಟೆಯ ಮೇಲಿಂದಲೇ ತಕರಾರು ತೆಗೆದರು. ಮುಧೋಳ ಆಗಿದ್ದರೆ ಬಾಲ ಹೀಗೆ ಸುರುಳಿ ಸುತ್ತುತ್ತಿರಲಿಲ್ಲ, ಇದು ಯಾರೋ ದೇಸಾಯರ ಮನೆಯ ನಾಯಿಗೂ ಓಣಿಯ ನಾಯಿಗೂ ಆದ ಕ್ರಾಸ್ ಎಂಬುದು ಅವರ ವಾದ. ವಲಸಿಗ ರೈತರ ಕ್ಯಾಂಪಿನಿಂದ ಬಂದು ರೈಸ್ ಮಿಲ್ ನಡೆಸುತ್ತಿದ್ದ ಆಂಧ್ರದವರೊಬ್ಬರು, “ಇಂಥವು ನಮ್ಮ ಕಡೆ ಇದ್ದವಂಡಿ. ರಾಜಪಾಳ್ಯಂ ತಳಿ ಇದು, ಬರೆದಿಟ್ಟುಕೋರಿ,” ಎಂದರು. ಸಾಹುಕಾರರು ಜಗ್ಗಲಿಲ್ಲ. ಏಟು ಬಿದ್ದು ಬಾಲ ಸುತ್ತಿದೆ ಎಂದರು. ಎಡಗಿವಿಯ ತುದಿಯಲ್ಲಿ ಒಂದು ತುಣುಕು ಕತ್ತರಿಸಿದ ಗುರುತಿತ್ತಲ್ಲ, ಅದನ್ನು ಎಲ್ಲರಿಗೂ ಎತ್ತಿ ತೋರಿಸಿ, ಒಳ್ಳೆಯ ವಂಶದ ಮರಿಗಳಿಗೆ ಸಾಕುವವರು ಹೀಗೆ ಗುರುತು ಮಾಡಿರುತ್ತಾರೆಂದು ವಿವರಿಸಿದರು. ವಯಸ್ಸು? ಎರಡು ವರ್ಷ, ಹೆಚ್ಚೆಂದರೆ ಎರಡೂವರೆ. ಹೆಸರನ್ನೂ ಅವರೇ ಇಟ್ಟರು: ಸರ್ದಾರ.

ಅಕ್ಕ ಅದನ್ನು ‘ಅಜ್ಜಾ’ ಎಂದು ಕರೆಯುತ್ತಿದ್ದಳು. ಅದರ ಹಲ್ಲು ಸವೆದಿವೆ, ಗದ್ದದ ಕೂದಲು ಬೆಳ್ಳಗಾಗಿದೆ, ಇದು ವಯಸ್ಸಾದ ಬೀದಿ ನಾಯಿ ಎಂದು ಎಷ್ಟೋ ಸಲ ಹೇಳಿದಳು. ಕಿವಿಯ ಗುರುತು ಸಂತಾನಹರಣ ಮಾಡಿ ಬಿಟ್ಟ ನಾಯಿಗಳಿಗೆ ಹಾಕುವಂಥದೆಂದೂ ಹೇಳಿದಳು. ಸಾಹುಕಾರರು ಕೈ ಮುಗಿದಂತೆ ಮಾಡಿ ನಕ್ಕರು.

“ಶರಣರು ತಮ್ಮದನ್ನ ತಾವು ದೊಡ್ಡದು ಅನ್ನಂಗಿಲ್ಲ ನೋಡ್ರಿ.”

ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿ ನಗುತ್ತಿದ್ದೆ. ನಗುವಂಥದೇ ಆಗಿತ್ತು. ಹಾದಿಯಲ್ಲಿ ಸಿಕ್ಕ ನಾಯಿಗೆ ಒಂದು ಮೂತಿಯ ಆಧಾರದ ಮೇಲೆ ಇವರು ರಾಜವಂಶವನ್ನೇ ದಯಪಾಲಿಸಿದ್ದರು. ವಂಶವನ್ನು ಇಷ್ಟು ಧಾರಾಳವಾಗಿ ಹಂಚಬಲ್ಲವರು ಅದನ್ನು ಅಷ್ಟೇ ಬೇಗ ಕಿತ್ತುಕೊಳ್ಳಲೂ ಬಲ್ಲರೆಂಬುದು ಆಗ ಹೊಳೆದಿರಲಿಲ್ಲ... ಸರ್ದಾರನಿಗೆಂದು ಸಾಹುಕಾರರ ಮನೆಯಿಂದ ಹಾಲು ಬರುತ್ತಿತ್ತು. ಅಕ್ಕನಿಗೆಂದು ಸಜ್ಜೆ ರೊಟ್ಟಿ, ಪುಂಡಿಪಲ್ಯ ಡಬ್ಬಿಯಲ್ಲಿ ಬರುತ್ತಿತ್ತು. ಆ ಮನೆ ಅವಳಿಗೆ ಹಿಡಿಸಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಊರು ತಿರುಗಿದ್ದಳು. ಎಲ್ಲ ಕಡೆಯೂ ಊರ ಹೊರಗಿನ ಕೋಣೆಯೇ. ಅಂಗಳದಲ್ಲಿ ತುಳಸಿಯ ಬದಲು ಮಲ್ಲಿಗೆ ಹಚ್ಚಿ, ಅದು ಹೂ ಬಿಡುವವರೆಗಾದರೂ ಇಲ್ಲಿಂದ ಅಲುಗುವುದಿಲ್ಲ ಎಂದಿದ್ದಳು.

ಬೇಸಿಗೆಯ ಆರಂಭದಲ್ಲಿ ನಾಯಿಗೆ ಕೆಮ್ಮು ಹಿಡಿಯಿತು. ಅದೇ ನೆಪದಲ್ಲಿ ಸಾಹುಕಾರರು ತಳಿಯ ವಾದವನ್ನೂ ಇತ್ಯರ್ಥ ಮಾಡಿಸಲು ಹೊರಟರು. ಲಿಂಗಸುಗೂರಿನಲ್ಲಿ ಒಬ್ಬ ನಿವೃತ್ತ ಪಶುವೈದ್ಯರಿದ್ದರು; ಮುಧೋಳ ನಾಯಿಯ ವಿಷಯದಲ್ಲಿ ಅವರ ಮಾತೇ ಕಡೆಯ ಮಾತೆಂದು ಈ ಭಾಗದ ನಾಯಿ ಸಾಕುವವರೆಲ್ಲ ಹೇಳುತ್ತಿದ್ದರು. ಒಂದು ಭಾನುವಾರ ಸಾಹುಕಾರರ ಕಾರಿನಲ್ಲಿ ಅವರು, ಅಕ್ಕ, ನಾನು, ನಾಯಿ ಹೊರಟೆವು. ಅಕ್ಕನಿಗೆ ಮುಂದಿನ ಸೀಟು; ಹಿಂದೆ ನನ್ನ ಪಕ್ಕ ನಾಯಿ, ಅದರ ಕೆಳಗೊಂದು ಟವೆಲ್. ಮಸ್ಕಿಯಲ್ಲಿ ಕಾರು ನಿಲ್ಲಿಸಿ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕೊಡಿಸಿದರು. ಎದುರಾದ ಪರಿಚಯದವರೊಬ್ಬರಿಗೆ ಅಕ್ಕನನ್ನು ತೋರಿಸಿ, “ನಮ್ಮ ಸಿಸ್ಟರು. ಇವರು ನಮ್ಮ ಮನ್ಯಾಗ ಇರೋದು ನಮ್ಮ ಪುಣ್ಯ,” ಎಂದರು. ಅಕ್ಕ ಮುಜುಗರದಿಂದ ನಾಯಿಯ ಕಡೆ ತಿರುಗಿಕೊಂಡಳು.

ಪಶುವೈದ್ಯರು ನಾಯಿಯ ತುಟಿ ಎತ್ತಿ ಹಲ್ಲು ನೋಡಿದರು, ಕಣ್ಣಿಗೆ ಬ್ಯಾಟರಿ ಹಿಡಿದರು, ಬೆನ್ನಿನ ಮೇಲೆ ಕೈಯಾಡಿಸಿದರು, ಕಿವಿ ಮುಟ್ಟಿ ಬಿಟ್ಟರು.

“ಇದು ಮುಧೋಳೂ ಅಲ್ಲ, ಕ್ರಾಸೂ ಅಲ್ಲ. ಓಣಿ ನಾಯಿ. ಎಲ್ಲಾ ಓಣಿ ರಕ್ತಾನೂ ಐತಿ ಇದ್ರಾಗ.”

“ವಯಸ್ಸರ ಎರಡು ವರ್ಷ ಅಲ್ರೀ?” ಎಂದರು ಸಾಹುಕಾರರು, ಒಂದನ್ನಾದರೂ ಉಳಿಸಿಕೊಳ್ಳುವವರಂತೆ.

“ಎಲ್ಲಿಂದ ತಂದ್ರಿ ಎರಡು? ಹಲ್ಲು ಸವದಾವ, ಕಣ್ಣಾಗ ಮಂಜು ಬಂದೈತಿ. ಏಳೆಂಟು ಆಗಿರ್ಬೇಕು. ಅಂದಾಜು ಹೇಳಾಕತ್ತೀನಿ, ಓಣಿ ನಾಯಿ ಹುಟ್ಟಿದ ದಿನ ಯಾರು ನೋಡ್ಯಾರ?”

ಅಕ್ಕ ನೆಲದ ಮೇಲೆ ಕುಳಿತು ನಾಯಿಯ ಕತ್ತನ್ನು ತಬ್ಬಿ ಹಿಡಿದಿದ್ದಳು. ತಳಿಯ ಮಾತು ಅವಳಿಗೆ ಬೇಕಿರಲಿಲ್ಲ. ವಯಸ್ಸಿನ ಮಾತು ನಾಟಿತ್ತು. “ಇಷ್ಟ ವರ್ಷ ಎಲ್ಲಿದ್ದಿ ಅಜ್ಜಾ?” ಎಂದಳು, ನಾಯಿಗಷ್ಟೇ ಕೇಳುವಂತೆ. ಸಾಹುಕಾರರು ಪೆಚ್ಚಾಗಿದ್ದರೂ ಸೋತಿರಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಔಷಧಿಯ ತಟ್ಟೆ ಹಿಡಿದು ಬಂದ ವೈದ್ಯರ ಸಹಾಯಕ ಅಕ್ಕನನ್ನು ಕಂಡು ಅರಳಿದ.

“ಜೈ ಭೀಮ್ ಅಕ್ಕಾರ. ಈ ಹುಣ್ಣಿಮಿಗೆ ಬುದ್ಧ ವಿಹಾರಕ್ಕ ಬರ್ಲೇ ಇಲ್ಲಲ್ರಿ. ಎಲ್ಲಾರೂ ನಿಮ್ಮನ್ನ ಕೇಳಿದ್ರು.”

“ಜೈ ಭೀಮ್ ಅಪ್ಪಾ. ಡ್ಯೂಟಿ ಇತ್ತು,” ಎಂದಳು ಅಕ್ಕ, ಎಂದಿನ ದನಿಯಲ್ಲಿ.

ಬಿಳಿ ಸೀರೆ, ಹುಣ್ಣಿಮೆ, ದೇವರಿಲ್ಲದ ಗೋಡೆ, ಎಲ್ಲಕ್ಕೂ ಒಂದೇ ಸಲಕ್ಕೆ ಅರ್ಥ ಸಿಕ್ಕಿತ್ತು. ಅವಳ ತಂದೆಯ ಕಾಲಕ್ಕೇ ಆ ದಲಿತ ಕುಟುಂಬ ಬೌದ್ಧ ಧಮ್ಮ ಸ್ವೀಕರಿಸಿತ್ತು. ಸಾಹುಕಾರರು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಿಂದ ತುತ್ತಿನಲ್ಲಿ ಏನೋ ಸಿಕ್ಕವರ ಮುಖವಾಗಿತ್ತು ಅದು. ನನಗೆ ಸಿಟ್ಟಿಗಿಂತ ಹೆಚ್ಚು ಅಸಹ್ಯ ತಂದದ್ದು ಆ ಮುಖವೇ.

ಮರಳುವಾಗ ಕಾರಿನ ನಾಲ್ಕೂ ಕಿಟಕಿ ಇಳಿಸಿದರು. ನಾಯಿಯ ವಾಸನೆ ಎಂದರು. ಬೆಳಿಗ್ಗೆಯೂ ಅದೇ ನಾಯಿ ಅದೇ ಸೀಟಿನಲ್ಲಿತ್ತು. ಮಸ್ಕಿಯಲ್ಲಿ ಕಾರು ನಿಲ್ಲಲಿಲ್ಲ. ಮನೆ ಮುಟ್ಟಿದ ಮೇಲೆ ಅವರು ಟವೆಲನ್ನು ಬೆರಳತುದಿಯಿಂದ ಎತ್ತಿ ಚರಂಡಿಯ ಬದಿಗೆ ಒಗೆದದ್ದನ್ನು, ಸೀಟುಗಳನ್ನೆಲ್ಲ ತೊಳೆಸಿದ್ದನ್ನು ನಾನು ಮೇಲಿನಿಂದ ನೋಡಿದೆ. ಹಿಂದಿನ ಸೀಟು ಮಾತ್ರವಲ್ಲ, ಅಕ್ಕ ಕುಳಿತಿದ್ದ ಮುಂದಿನ ಸೀಟನ್ನೂ.

ಮುಂದಿನ ದಿನಗಳಲ್ಲಿ ನಡೆದದ್ದನ್ನು ಒಂದೊಂದಾಗಿ ಹೇಳಲೇಬೇಕು, ಏಕೆಂದರೆ ಇಂಥವು ಒಂದೊಂದಾಗಿಯೇ ನಡೆಯುತ್ತವೆ, ಒಟ್ಟಿಗೆ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಡಬ್ಬಿ ಬರುವುದು ನಿಂತಿತು. ಅಕ್ಕ ತನ್ನಲ್ಲಿದ್ದ ಡಬ್ಬಿಯನ್ನು ತೊಳೆದು ಕೊಡಹೋದರೆ ಸಾಹುಕಾರರ ಹೆಂಡತಿ ಬಾಗಿಲಲ್ಲೇ ನಿಂತು, “ಇರ್ಲಿ ಬಿಡ್ರಿ, ನೀವ ಇಟ್ಗೋರಿ,” ಎಂದರು. ಸರ್ದಾರ ಎಂಬ ಹೆಸರು ಅಳಿದು ‘ಆ ನಾಯಿ’ ಎಂದಾಯಿತು. ಇಂಜೆಕ್ಷನ್ ಮಾತ್ರ ನಿಲ್ಲಲಿಲ್ಲ. ಅವಳ ಜಾತಿ ಬೇಡವಾಗಿತ್ತು, ಅವಳ ಕೈ ಬೇಕಾಗಿತ್ತು. ಹಿತ್ತಿಲ ಬಾಗಿಲಿನಿಂದ ಬರಹೇಳಿದರು. ಚಹಾ ಪೇಪರ್ ಕಪ್ಪಿನಲ್ಲಿ ಬಂತು. ಕಣ್ಣು ಮಂದವಾಗಿದ್ದ ಮುದುಕಿಗೂ ಅದು ಕಂಡಿತ್ತು. “ಯಾಕವ್ವಾ, ಸಿಸ್ಟರಿಗೆ ಲೋಟ ಇಲ್ಲೇನು?” ಎಂದು ಸೊಸೆಯನ್ನು ಕೇಳಿದಳಂತೆ. ಅಕ್ಕನೇ ಮುದುಕಿಯ ತೋಳು ಒರೆಸುತ್ತಾ, ಈಗ ಎಲ್ಲಾ ಕಡೆ ಹೀಗೇ ಕೊಡುತ್ತಾರೆ ಅವ್ವಾ ಎಂದು ಹೇಳಿ ಬಂದಳು.

ಇಂಜೆಕ್ಷನ್ ಕೊಡಲು ಒಬ್ಬ ಕಂಪೌಂಡರ್ ಸಿಕ್ಕ ದಿನವೇ ಸಾಹುಕಾರರು ಅಂಗಳಕ್ಕೆ ಬಂದರು. ಕಂಡಕ್ಟರರನ್ನೂ ಜೊತೆಗೆ ಕರೆತಂದಿದ್ದರು. ನಾನು ಕೆಳಗಿಳಿದು ಬಂದೆ. ನಾಯಿ ಮಲ್ಲಿಗೆಯ ಪಾತಿಯ ಪಕ್ಕ ಮಲಗಿತ್ತು.

“ಓಣ್ಯಾಗ ಸಣ್ಣ ಹುಡುಗ್ರು ಅದಾವ ಸಿಸ್ಟರ. ಬೀದಿ ನಾಯಿ, ಯಾವಾಗ ಏನ್ ಮಾಡ್ತೈತೋ. ನಾಯಿ ಇದ್ರ ಮನಿ ಕೊಡಾಕ ಆಗಂಗಿಲ್ರಿ.”

ಅಕ್ಕ ನಾಯಿಯನ್ನು ನೋಡಿದಳು. ಆ ಮನೆಯನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಳೆಂದು ನನಗೆ ಗೊತ್ತಿತ್ತು. ಆ ನಾಯಿಯನ್ನೂ.

“ನಾಯಿನ್ನ ಇವತ್ತ ಬಿಟ್ಟು ಬರ್ತೀನ್ರಿ ಸಾವ್ಕಾರ್ರ,” ಎಂದಳು. “ಆಮ್ಯಾಲೆ ಮನ್ಯಾಗ ಇರ್ಲೇನು?”

ಅವಳು ಅದನ್ನು ಬಿಡುತ್ತಿರಲಿಲ್ಲ. ಆ ಮಾತು ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಅವಳು ಕೇಳಿದ್ದು ನಾಯಿಯ ವಿಷಯವೇ ಅಲ್ಲ. ಸಾಹುಕಾರರು ಕಂಡಕ್ಟರರ ಮುಖ ನೋಡಿದರು. ಕಂಡಕ್ಟರರು ನೆಲ ನೋಡಿದರು. ಕೊನೆಗೆ ಬಾಗಿಲ ಮರೆಯಿಂದ ಸಾಹುಕಾರರ ಹೆಂಡತಿಯ ದನಿ ಬಂತು.

“ಮಗಳ ಲಗ್ನ ಐತ್ರಿ ನಮ್ದು. ಮನಿ ನಮಗ ಬೇಕಾಗೇತಿ.”

“ಹಂಗ ಹೇಳ್ರಿ,” ಎಂದು ಅಕ್ಕ ನಕ್ಕಳು. “ನಾಯಿ ಮ್ಯಾಲೆ ಯಾಕ ಹಾಕ್ತೀರಿ? ಅದಕ್ಕ ಮನಿದೇವ್ರೂ ಗೊತ್ತಿಲ್ಲ, ಏನೂ ಗೊತ್ತಿಲ್ಲ.”

ನಾನು ಸುಮ್ಮನಿರಲಿಲ್ಲ. ಇದು ಅಪರಾಧ, ಇದಕ್ಕೆ ಕಾನೂನಿದೆ, ಶರಣರ ಹೆಸರು ಹೇಳುವ ಮನೆಯಲ್ಲಿ ಇದು ಇನ್ನೂ ದೊಡ್ಡ ಅಪಚಾರ ಎಂದು ಅಂಗಳದಲ್ಲೇ ಗಟ್ಟಿಯಾಗಿ ಹೇಳಿದೆ. ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟು, “ಸರ, ನೀವು ಓದಿದವ್ರು. ನಮಗ ನಾಕು ಮಂದ್ಯಾಗ ಬಾಳೇ ಮಾಡೋದೈತಿ,” ಎಂದರು. ಈ ‘ನಾಲ್ಕು ಮಂದಿ’ ಯಾರೆಂದು ಇಂದಿಗೂ ನಾನು ಹುಡುಕುತ್ತಿದ್ದೇನೆ. ಪ್ರತಿ ಅನ್ಯಾಯದ ಬೆನ್ನ ಹಿಂದೆಯೂ ಅವರ ಹೆಸರಿರುತ್ತದೆ. ಸಾಕ್ಷಿ ಹೇಳಲು ಮಾತ್ರ ಅವರು ಎಂದೂ ಬರುವುದಿಲ್ಲ.

ದೂರು ಕೊಡೋಣ ಎಂದು ಅಂದು ಸಂಜೆ ಅಕ್ಕನಿಗೆ ಹೇಳಿದೆ. ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ದೂರು ಕೊಟ್ರ ಮನಿ ಕೊಡ್ತಾರ ಅಂತ ಇಟ್ಗೋ ತಮ್ಮಾ. ಆ ಮನ್ಯಾಗ ನನಗ ನಿದ್ದಿ ಬರ್ತೈತೇನು?”

ಕೆಳಗಿದ್ದ ಪಾತ್ರೆಗಳನ್ನು ನಾನೂ ಎತ್ತಿ ಕೊಡತೊಡಗಿದೆ. ನಿದ್ದೆ ಕೊಡಿಸುವ ಕಾನೂನು ಯಾವುದೂ ಇಲ್ಲ.

ಆಮೇಲೆ ನಾವಿಬ್ಬರೂ ಮನೆ ಹುಡುಕುತ್ತಾ ಸಿಂಧನೂರಿನ ಓಣಿಗಳಲ್ಲಿ ತಿರುಗಿದೆವು. ನಾನೂ ಆ ಮಹಡಿಯ ಕೋಣೆ ಬಿಡುವವನಿದ್ದೆ. ಈ ಸಲ ಅಕ್ಕ ಪ್ರಶ್ನೆಗೆ ಕಾಯಲಿಲ್ಲ. ಹೊಸ್ತಿಲ ಹೊರಗೇ ನಿಂತು, “ನಾವು ಬೌದ್ಧರ್ರಿ. ಕೂಡ ಒಂದು ಮುದಿ ಬೀದಿ ನಾಯಿ ಐತಿ. ಕೊಡೋದಾದ್ರ ಒಳಗ ಬರ್ತೀನಿ,” ಎನ್ನುತ್ತಿದ್ದಳು. ಎಷ್ಟೋ ಕಡೆ ನೀರೂ ಸಿಗಲಿಲ್ಲ. ಒಂದು ಮನೆಯಾಕೆ, ನಾಯಿಯಾದರೆ ಅಡ್ಡಿಯಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದಳು. ಕೊನೆಗೆ ವಳಕಮದಿನ್ನಿಯ ದಾರಿಯಲ್ಲಿ, ಕಾಲುವೆಯ ಆಚೆ, ಭತ್ತದ ಗದ್ದೆಗಳ ನಡುವೆ ಯಾರೋ ಅರ್ಧಕ್ಕೆ ಕಟ್ಟಿ ಬಿಟ್ಟಿದ್ದ ಒಂದು ಮನೆ ಸಿಕ್ಕಿತು. ಮತ್ತೆ ಊರ ಹೊರಗೆ. ಮಳೆಗಾಲದ ತೇವಕ್ಕೆ ನಾಯಿಯ ಕೆಮ್ಮು ಹೆಚ್ಚಾಯಿತು. ಅಕ್ಕ ವರ್ಗಾವಣೆಗೆ ಅರ್ಜಿ ಹಾಕಿದಳು. ಸಾಮಾನಿನ ಲಾರಿಯ ಮುಂದಿನ ಸೀಟಿನಲ್ಲಿ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಲಬುರಗಿ ಕಡೆ ಹೋದಳು. ಮರುವರ್ಷ ಒಮ್ಮೆ ಫೋನ್ ಮಾಡಿ, “ಅಜ್ಜ ಹೋದ ತಮ್ಮಾ,” ಎಂದಳು. ಸಿಂಧನೂರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೊನೆಯವರೆಗೂ ಅವಳು ಸರ್ಕಾರಿ ಕ್ವಾರ್ಟರ್ಸ್‌ನಲ್ಲೇ ಇದ್ದಳು. ಅಲ್ಲಿ ಬೀಗದ ಕೈ ಕೊಡುವವರು ದೇವರ ಹೆಸರು ಕೇಳುವುದಿಲ್ಲ ಎನ್ನುತ್ತಿದ್ದಳು...

ಹೋದ ವರ್ಷ ಅಕ್ಕ ತೀರಿಕೊಂಡಳು. ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲ. ಸಿಂಧನೂರಿನಲ್ಲಿ ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ. ಅವುಗಳ ತಾಯಂದಿರು ಕೆಲವರು, ನಾವು ಕೆಲವರು ಸೇರಿ ಒಂದು ಸಣ್ಣ ನುಡಿನಮನ ಇಟ್ಟುಕೊಂಡೆವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮನೆಯ ಮಾಲೀಕರ ಹೆಸರನ್ನು ಮಾತ್ರ ಹೇಳಲಿಲ್ಲ, ಏಕೆಂದರೆ ಅವರು ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಯಾರು ಹೇಳಿ ಕಳಿಸಿದ್ದರೋ, ತಾವಾಗಿಯೇ ಬಂದರೋ ತಿಳಿಯದು. ಎಲ್ಲರೂ ಎದ್ದಾಗ ಅವರೂ ಎದ್ದು ಮೌನಕ್ಕೆ ನಿಂತರು. ಪಶ್ಚಾತ್ತಾಪದ ಒಂದು ಮಾತನ್ನು ನಾನು ನಿರೀಕ್ಷಿಸಿದೆ. ಅಷ್ಟಾದರೂ ಅವಳಿಗೆ ಸಲ್ಲಬೇಕಿತ್ತು.

ಹೊರಗೆ ಚಪ್ಪಲಿ ಮೆಟ್ಟುವಾಗ ಅವರು ನನ್ನ ಹತ್ತಿರ ಬಂದರು. ದನಿ ತಗ್ಗಿಸಿದರು.

“ಆ ಡಾಕ್ಟರಿಗೆ ತಿಳೀಲಿಲ್ರಿ ಸರ. ಆ ನಾಯಿ ಮುಧೋಳನ. ನನಗ ಇವತ್ತಿಗೂ ನಂಬಿಕಿ ಐತಿ.”

ಹೇಳಿ, ಹೆಗಲ ಟವೆಲ್ ಸರಿಪಡಿಸಿಕೊಂಡು, ಕಾರಿನ ಕಡೆ ನಡೆದರು. ಒಬ್ಬ ತಜ್ಞನ ತೀರ್ಪನ್ನು ಇಷ್ಟು ವರ್ಷ ಅನುಮಾನಿಸುವ ಶಕ್ತಿ ಆ ಮನುಷ್ಯನಲ್ಲಿತ್ತು. ಅದೇ ಕೋಣೆಯಲ್ಲಿ, ಅದೇ ಗಳಿಗೆಯಲ್ಲಿ ತಾವು ಅಕ್ಕನ ಬಗ್ಗೆ ಕೊಟ್ಟುಕೊಂಡ ತೀರ್ಪನ್ನು ಮಾತ್ರ ಅವರು ಒಂದು ದಿನವೂ ಅನುಮಾನಿಸಿರಲಿಲ್ಲ.

ಇದನ್ನು ಯಾರಿಗೆ ಹೇಳಲಿ ಎಂದು ಜೇಬಿನಿಂದ ಫೋನ್ ತೆಗೆದೆ. ಕೇಳಿದ್ದರೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ. ಅವಳಿಲ್ಲ.